ಪಂಚಮಹಾಶಬ್ದ ಮತ್ತು ಕಿವಿಯ ಎಲ್ಲೆ

‘ಸಮಧಿಗತ ಪಂಚಮಹಾಶಬ್ದ’ ಎಂಬುದು ನಡುಗಾಲದ ಕನ್ನಡ ಶಾಸನಗಳಲ್ಲಿ ಸಾಮಂತ ಅರಸರ ಹೆಸರಿನ ಹಿಂದೆ ಬರುವ ಬಿರುದು. ಐದು ಮಹಾಶಬ್ದಗಳನ್ನು ಪಡೆದವನು ಎಂದು ಅದರ ಅರ್ಥ. ಬಿರುದಾವಳಿ ಎಷ್ಟೇ ಉದ್ದವಾಗಿರಲಿ, ಸಾಮಾನ್ಯವಾಗಿ ಮೊದಲು ನಿಲ್ಲುವುದು ಈ ಮಾತು. ಅದರ ಬೆನ್ನಿಗೇ ‘ಮಹಾಮಂಡಲೇಶ್ವರ’. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದಲ್ಲಿ (1902) ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನೂ 11ನೇ ಸಂಪುಟದಲ್ಲಿ (1903) ದಾವಣಗೆರೆ, ಜಗಳೂರು ತಾಲ್ಲೂಕುಗಳ ಶಾಸನಗಳನ್ನೂ ಅಚ್ಚು ಮಾಡಿಸಿದರು. ಆ ಪುಟಗಳನ್ನು ತಿರುವುತ್ತ ಹೋದರೆ ಈ ಬಿರುದು ಮತ್ತೆ ಮತ್ತೆ ಎದುರಾಗುತ್ತದೆ. ಕಲ್ಯಾಣದ ಚಾಲುಕ್ಯರ ಅಧೀನರಾಗಿ ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ಉಚ್ಚಂಗಿಯ ಪಾಂಡ್ಯರಿಗೂ, ಬನವಾಸಿ ಸೀಮೆಯ ಕದಂಬರಿಗೂ ಇದು ಸಲ್ಲುತ್ತಿತ್ತು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಸುತ್ತಣ ನಾಡು ಈ ಎರಡು ಸೀಮೆಗಳ ಬದಿಯಲ್ಲೇ ಇದೆ.

ಬಿರುದು ಬರೀ ಮಾತಾಗಿರಲಿಲ್ಲ, ಕೇಳಿಸುವ ಸಂಗತಿಯಾಗಿತ್ತು. ಸಾಮಂತ ಹೊರಟಾಗ ಅವನ ಮುಂದೆ ಐದು ಬಗೆಯ ವಾದ್ಯ ಮೊಳಗುವ ಹಕ್ಕನ್ನು ಸಾರ್ವಭೌಮ ಅವನಿಗೆ ಕೊಟ್ಟಿದ್ದಾನೆ ಎಂಬುದಕ್ಕೆ ಅದು ದಾಖಲೆ. ಛತ್ರ, ಚಾಮರ, ಧ್ವಜಗಳು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಅಧಿಕಾರವನ್ನು ತೋರಿಸುತ್ತವೆ. ಗುಡ್ಡದ ಮರೆಯಲ್ಲಿರುವ ಹೊಲದವನಿಗೆ, ಮನೆಯ ಒಳಗಿರುವವಳಿಗೆ, ಕತ್ತಲೆಯಲ್ಲಿ ಮಲಗಿರುವವನಿಗೆ ಅದನ್ನು ತಿಳಿಸಬಲ್ಲದ್ದು ಶಬ್ದವೊಂದೇ.

ಐದು ಯಾವುವು ಎಂಬ ಚರ್ಚೆ 19ನೇ ಶತಮಾನದ ಕೊನೆಯಲ್ಲಿ ಜೋರಾಗಿ ನಡೆಯಿತು. ‘ಮಹಾ’ ಎಂದು ಮೊದಲಾಗುವ ಐದು ಅಧಿಕಾರ ಪದವಿಗಳೇ ಪಂಚಮಹಾಶಬ್ದ ಎಂಬ ಅರ್ಥ ಕಾಶ್ಮೀರದ ಕಡೆಯಿಂದ ಬಂದಿತ್ತು. ಕನ್ನಡ ನಾಡಿನ ಮಟ್ಟಿಗೆ ಗೊಂದಲ ಬಿಡಿಸಿದವರು ಕೆ.ಬಿ. ಪಾಠಕ್. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯನ್ನು ಆಧಾರವಾಗಿಟ್ಟುಕೊಂಡು ಅವರು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳ ಪಟ್ಟಿಯನ್ನು ಮುಂದಿಟ್ಟರು. ಈ ಅರ್ಥಕ್ಕೆ ಶಾಸನಗಳೊಳಗೇ ಬೆಂಬಲವಿದೆ. ಹಾನಗಲ್ಲಿನ ಕದಂಬರಿಗೆ ‘ಪೆರ್ಮಟ್ಟಿ’ ಎಂಬ ವಾದ್ಯದ ಘೋಷ, ಸವದತ್ತಿಯ ರಟ್ಟರಿಗೆ ‘ತ್ರಿವಳಿ’ ಎಂಬ ವಾದ್ಯದ ಘೋಷ ಮನೆತನದ ಗುರುತಾಗಿದ್ದುವು. ಧ್ವಜ, ಲಾಂಛನಗಳ ಹಾಗೆ ಒಂದೊಂದು ವಂಶಕ್ಕೂ ತನ್ನದೇ ಸದ್ದು ಇತ್ತು.

ಪಾಠಕರ ಪಟ್ಟಿಯಲ್ಲಿ ಅರ್ಥಪೂರ್ಣವಾದ ಒಂದು ಹಂಚಿಕೆ ಅಡಗಿದೆ. ಐದೂ ವಾದ್ಯ ಒಂದೇ ಎತ್ತರದಲ್ಲಿ ಕೂಗುವುದಿಲ್ಲ. ಮನುಷ್ಯನ ಕಿವಿಗೆ ನಿಲುಕುವ ಶ್ರೇಣಿಯ ಬೇರೆ ಬೇರೆ ಭಾಗಗಳನ್ನು ಅವು ಹಿಡಿದು ನಿಂತಿವೆ. ಇದನ್ನು ಕಾಣಬೇಕಾದರೆ ಆ ಶ್ರೇಣಿಯನ್ನು ಮೊದಲು ಅಳೆಯಬೇಕು.

ಶಬ್ದವೆಂದರೆ ಗಾಳಿಯ ನಡುಕ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬುದು ಅದರ ಆವೃತ್ತಿ, ಅಳತೆ ಹರ್ಟ್ಸ್. ಎಳೆಯ, ಆರೋಗ್ಯವಂತ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. 20ರಿಂದ ಹೊರಟು ದುಪ್ಪಟ್ಟು ಮಾಡುತ್ತ ಹೋದರೆ 40, 80, 160 ಎಂದು ಹತ್ತನೆಯ ಹೆಜ್ಜೆಗೆ 20,480 ಬರುತ್ತದೆ. ಅಂದರೆ ಕಿವಿಯ ಹರವು ಹೆಚ್ಚುಕಡಿಮೆ ಹತ್ತು ಸ್ಥಾಯಿ. 20 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ 17 ಮೀಟರ್ ಉದ್ದ, ಒಂದು ಸಾಧಾರಣ ಮನೆಗಿಂತ ದೊಡ್ಡದು. 20,000 ಹರ್ಟ್ಸ್‌ನ ಅಲೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಒಂದು ಹುಣಸೆ ಬೀಜದಷ್ಟು.

ಒಳಗಿವಿಯಲ್ಲಿ ಇಷ್ಟನ್ನೂ ಬಿಡಿಸಿ ತಿಳಿಯುವ ಅಂಗದ ಹೆಸರು ಕರ್ಣಶಂಖ. ಅದು ಎರಡೂವರೆ ಸುತ್ತಿಗೂ ಸ್ವಲ್ಪ ಹೆಚ್ಚು ಸುರುಳಿಯಾಗಿದೆ; ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರ್. ಅದರ ಬಾಯಿಯ ಬಳಿ ಇರುವ ಕಡೆ ಒಳಗಿನ ಪಟಲ ಕಿರಿದು, ಬಿರುಸು. ಅಲ್ಲಿ ತಾರಧ್ವನಿಗೆ ಸ್ಪಂದನ. ಒಳತುದಿಯಲ್ಲಿ ಅಗಲ, ಸಡಿಲ, ಅಲ್ಲಿ ಮಂದ್ರಕ್ಕೆ. ಪಟಲದ ಮೇಲೆ ಸದ್ದಿನ ಅಲೆ ಓಡುವುದನ್ನು ಕಣ್ಣಾರೆ ಕಂಡು ವಿವರಿಸಿದ ಗೆಯೋರ್ಗ್ ಫಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು. ಕಿವಿ ಈ ಹತ್ತು ಸ್ಥಾಯಿಗಳನ್ನೂ ಸಮನಾಗಿ ಕಾಣುವುದಿಲ್ಲ. ಹೊರಕಿವಿಯ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಇರುವುದರಿಂದ 3,000 ಹರ್ಟ್ಸ್ ಆಸುಪಾಸಿನ ಸದ್ದು ಅದರೊಳಗೆ ಅನುರಣಿಸಿ ಬಲವಾಗುತ್ತದೆ. ಅತ್ಯಂತ ಸೂಕ್ಷ್ಮವಾಗಿ ಕೇಳುವುದು 2,000ದಿಂದ 5,000ದ ನಡುವೆ. ಕೆಳತುದಿಯಲ್ಲಿ ಕಿವಿ ಮಂದ. 20 ಹರ್ಟ್ಸ್‌ನ ಸದ್ದು ಕೇಳಿಸಲು ಸುಮಾರು 78 ಡೆಸಿಬಲ್ ಬೇಕು. 1,000 ಹರ್ಟ್ಸ್‌ನ ಸದ್ದಿಗೆ ಕೆಲವೇ ಡೆಸಿಬಲ್ ಸಾಕು.

ಈ ಭೂಪಟದ ಮೇಲೆ ಐದು ವಾದ್ಯಗಳನ್ನು ಇಟ್ಟು ನೋಡಬಹುದು. ತಳದಲ್ಲಿ ಭೇರಿ. ದೊಡ್ಡ ಚರ್ಮದ ಮೂಲಧ್ವನಿ ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕೂ ಕೆಳಗೆ ಇರುತ್ತದೆ. ನಡುವೆ ಕೆಲವು ನೂರು ಹರ್ಟ್ಸ್‌ಗಳಲ್ಲಿ ಶಂಖ. ಅದರ ಜೊತೆಗೆ, ಮೇಲಕ್ಕೂ ಕೈಚಾಚುವ ಶೃಂಗ, ಅಂದರೆ ಕೊಂಬು. ತೆಳುಕೋಲಿನ ಏಟಿನಿಂದ ಶ್ರೇಣಿಯ ಉದ್ದಕ್ಕೂ ಸಿಡಿಯುವ ತಮ್ಮಟ. ಎಲ್ಲಕ್ಕೂ ಮೇಲೆ ಸಾವಿರಾರು ಹರ್ಟ್ಸ್‌ಗಳಲ್ಲಿ ಮಿನುಗುವ ಜಯಘಂಟೆ. ಯಾರೋ ಕುಳಿತು ಲೆಕ್ಕ ಹಾಕಿ ಇವನ್ನು ಆರಿಸಿದರೆನ್ನುವುದಕ್ಕಿಂತ, ಬಯಲಿನಲ್ಲಿ ಕೇಳಿ ಕೇಳಿ ಉಳಿದುಕೊಂಡ ಐದು ಇವು ಎಂದು ತಿಳಿಯುವುದು ಸರಿ. ಒಂದರ ಸದ್ದು ಮತ್ತೊಂದನ್ನು ಪೂರ್ತಿಯಾಗಿ ನುಂಗುವುದಿಲ್ಲ. ಆದ್ದರಿಂದ ಐದೂ ಕೂಡಿದಾಗ ಕಿವಿ ತುಂಬುತ್ತದೆ. ಗೌರವ ಅಡಗಿದ್ದದ್ದು ಸದ್ದಿನ ಗಟ್ಟಿತನದಲ್ಲಿ ಅಲ್ಲ, ಈ ತುಂಬುವಿಕೆಯಲ್ಲಿ.

ಸಂಗೀತಶಾಸ್ತ್ರ ಇದೇ ಕಾಲದಲ್ಲಿ ಬೇರೊಂದು ದಾರಿಯಿಂದ ಶ್ರೇಣಿಯನ್ನು ಅಳೆಯುತ್ತಿತ್ತು. 13ನೇ ಶತಮಾನದಲ್ಲಿ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ ಸಂಗೀತರತ್ನಾಕರದ ಪ್ರಕಾರ ನಾದಕ್ಕೆ ಮೂರು ನೆಲೆ: ಎದೆಯಲ್ಲಿ ಮಂದ್ರ, ಕೊರಳಲ್ಲಿ ಮಧ್ಯ, ತಲೆಯಲ್ಲಿ ತಾರ, ಒಂದೊಂದೂ ಹಿಂದಿನದರ ಎರಡರಷ್ಟು. ದುಪ್ಪಟ್ಟಾಗುವುದೇ ಸ್ಥಾಯಿಯ ಲಕ್ಷಣವೆಂಬ ಈ ಮಾತು ಇಂದಿನ ಲೆಕ್ಕಕ್ಕೂ ಹೊಂದುತ್ತದೆ. ಆದರೆ ಶಾಸ್ತ್ರಕಾರನ ಅಳತೆಗೋಲು ಹಾಡುವ ಕಂಠ. ಅದು ಮೂರು ಸ್ಥಾಯಿಗೆ ನಿಲ್ಲುತ್ತದೆ. ಮೆರವಣಿಗೆಯ ವಾದ್ಯಗಳ ಅಳತೆಗೋಲು ಕೇಳುವ ಕಿವಿ. ಭೇರಿ ಕಂಠಕ್ಕೆ ನಿಲುಕದ ತಳಕ್ಕೆ ಇಳಿಯುತ್ತದೆ, ಜಯಘಂಟೆ ಕಂಠ ಏರದ ತುದಿಗೆ ಏರುತ್ತದೆ.

ಐದರಲ್ಲಿ ಈ ಸೀಮೆಯ ಬದುಕಿನೊಳಗೆ ಆಳವಾಗಿ ಇಳಿದದ್ದು ಚರ್ಮವಾದ್ಯ. ಭೇರಿಯ ಮನೆತನದ ದೊಡ್ಡ ಸದ್ದನ್ನು ಇಂದು ಕೇಳಿಸುವುದು ಡೊಳ್ಳು. ಬೀರದೇವರ ಒಕ್ಕಲಾದ ಕುರುಬರ ವಾದ್ಯ ಅದು. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ, ಹಾವೇರಿ ಸೀಮೆಗಳ ಜಾತ್ರೆಗಳಲ್ಲಿ ಅದಿಲ್ಲದೆ ದೇವರು ಹೊರಡುವುದಿಲ್ಲ. ಕೊರಳಿಗೆ ನೇತುಹಾಕಿ ಒಂದು ಮಗ್ಗುಲನ್ನು ಕೋಲಿನಿಂದ, ಇನ್ನೊಂದನ್ನು ಬರಿಗೈಯಿಂದ ಬಾರಿಸುತ್ತಾರೆ. ಹತ್ತಾರು ಡೊಳ್ಳು ಒಟ್ಟಿಗೆ ಬಿದ್ದಾಗ ಹತ್ತಿರ ನಿಂತವರಿಗೆ ಕಿವಿಗಿಂತ ಮೊದಲು ಎದೆಗೂಡಿಗೆ ಅದು ಮುಟ್ಟುತ್ತದೆ. ಶ್ರವಣದ ಕೆಳ ಎಲ್ಲೆಯಲ್ಲಿ ಕೇಳುವುದೂ ಮುಟ್ಟುವುದೂ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ತಮ್ಮಟವೇ ಇಂದಿನ ತಮಟೆ. ಹಲಗೆ ಎನ್ನುವುದೂ ಅದನ್ನೇ. ದುಂಡನೆಯ ಚೌಕಟ್ಟಿನ ಒಂದೇ ಮಗ್ಗುಲಿಗೆ ಬಿಗಿದ ಚರ್ಮ, ಒಂದು ಗಿಡ್ಡ ದಪ್ಪ ಕೋಲು, ಒಂದು ಉದ್ದನೆಯ ಬಿದಿರ ಸೀಳು. ಬಾರಿಸುವ ಮೊದಲು ಅದನ್ನು ಕಾಯಿಸಬೇಕು. ಹುಲ್ಲಿಗೆ ಬೆಂಕಿ ಹಾಕಿ, ಉರಿಯ ಮುಂದೆ ತಮಟೆಯನ್ನು ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೊದಲು ‘ದಬ್’ ಎಂದು ಮಂಕಾಗಿ ಕೂಗುವ ಚರ್ಮ ಬಿಸಿ ಏರಿದಂತೆ ‘ಟಣ್’ ಎನ್ನತೊಡಗುತ್ತದೆ. ಚರ್ಮ ಹೀರಿಕೊಂಡ ತೇವ ಆರಿ ಬಿಗಿ ಹೆಚ್ಚಿತು, ಬಿಗಿ ಹೆಚ್ಚಿದಂತೆ ಆವೃತ್ತಿ ಏರಿತು ಎಂಬುದು ಇದರ ಭೌತಶಾಸ್ತ್ರ. ಮಳೆಗಾಲದ ಸಂಜೆ ಎರಡೆರಡು ಸಲ ಕಾಯಿಸಬೇಕಾಗುತ್ತದೆ. ಕಾದ ಚರ್ಮದ ನಡುವೆ ದಪ್ಪಕೋಲು ಬಿದ್ದರೆ ತಗ್ಗಿನ ಸದ್ದು, ಅಂಚಿಗೆ ಬಿದಿರು ಬಿದ್ದರೆ ಸಿಡಿಲಿನಂಥ ಚುರುಕು. ಒಂದೇ ಚರ್ಮದಲ್ಲಿ ಕೇಳುವ ಶ್ರೇಣಿಯ ಎರಡು ಕಡೆಯನ್ನೂ ಮುಟ್ಟುವ ಜಾಣ್ಮೆ ಅದು.

ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಭಾರತೀಯ ಚರ್ಮವಾದ್ಯಗಳ ಬಗ್ಗೆ 1934ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಲ್ಲಿ ನೆನೆಯಬೇಕು. ಬರೀ ಚರ್ಮದ ಮೇಲುಧ್ವನಿಗಳು ಮೂಲಧ್ವನಿಯ 1.59, 2.14ರಷ್ಟು ಎಂದು ಅಡ್ಡಾದಿಡ್ಡಿಯಾಗಿ ಏಳುತ್ತವೆ. ಕಿವಿಗೆ ಇಂಥದೇ ಸ್ವರ ಎಂದು ಹಿಡಿಯಲು ಸಿಗುವುದಿಲ್ಲ. ಮೃದಂಗದ ನಡುವಿನ ಕರಣೆ ಅವನ್ನು ಎರಡು, ಮೂರು, ನಾಲ್ಕು, ಐದರಷ್ಟು ಎಂಬ ಸಾಲಿಗೆ ತರುತ್ತದೆ ಎಂದು ಅವರು ತೋರಿಸಿದರು. ಕಲ್ಕತ್ತದಲ್ಲಿದ್ದಾಗಲೇ, 1920ರಲ್ಲಿ, ಈ ಕೆಲಸ ಶುರುವಾಗಿತ್ತು. ತಮಟೆಗೆ, ಡೊಳ್ಳಿಗೆ ಕರಣೆ ಬೇಕಿಲ್ಲ. ರಾಗಕ್ಕೆ ಒತ್ತಾಸೆಯಾಗಿ ನಿಲ್ಲುವುದು ಅವುಗಳ ಕೆಲಸವಲ್ಲ. ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಮೇಲುಧ್ವನಿ ಚದುರಿದಷ್ಟೂ ಸದ್ದು ಶ್ರೇಣಿಯಲ್ಲಿ ಅಗಲವಾಗಿ ಹರಡುತ್ತದೆ.

ಶಂಖ ಸಮುದ್ರ ಕಾಣದ ಈ ಬಯಲುಸೀಮೆಗೆ ವ್ಯಾಪಾರದ ದಾರಿಯಲ್ಲಿ ಬಂದದ್ದು. ಅದರಲ್ಲಿ ಬೆರಳಿಡುವ ರಂಧ್ರಗಳಿಲ್ಲ. ತುದಿ ಕತ್ತರಿಸಿ ಊದಿದರೆ ಒಳಸುರುಳಿಯ ಉದ್ದ ನಿರ್ಧರಿಸಿದ ಒಂದು ಮುಖ್ಯ ಸ್ವರ. ಜಯಘಂಟೆ ಎಂಬ ಮಾತು ಸವೆದು ಜೇಗಂಟೆ, ಜಾಗಟೆ ಆಯಿತು. ಮನೆ ಮನೆಗೆ ಬರುವ ದಾಸಯ್ಯನ ಕೈಯಲ್ಲಿ ಶಂಖವೂ ಜಾಗಟೆಯೂ ಒಟ್ಟಿಗೆ ಉಳಿದುಬಂದಿವೆ: ಮಹಾಮಂಡಲೇಶ್ವರನ ಐದರಲ್ಲಿ ಎರಡು ಭಿಕ್ಷೆಯ ಜೋಳಿಗೆಯ ಜೊತೆ ನಡೆಯುತ್ತಿವೆ. ಕಂಚಿನ ಜಾಗಟೆಗೆ ಮರದ ಕೊಡತಿ ಬಿದ್ದ ಕ್ಷಣದಲ್ಲಿ ಏಳುವ ಚುರುಕು ಮೇಲುಧ್ವನಿಗಳು ಬೇಗ ಅಡಗಿ, ಕೆಳಗಿನ ಗುಂಯ್‌ಗುಡುವಿಕೆ ಮಾತ್ರ ಹಿಂದೆ ಉಳಿಯುತ್ತದೆ. ಕಿವಿ ಹತ್ತಿರವಿಟ್ಟು ಕೇಳಿದರೆ ಈ ಇಳಿಕೆ ಸ್ಪಷ್ಟವಾಗಿ ತಿಳಿಯುತ್ತದೆ.

ದೇವಾಲಯಗಳು ಅರಸನ ವಾದ್ಯಗಳನ್ನು ದೇವರಿಗೂ ಸಲ್ಲಿಸಿದವು. ದಾನಶಾಸನಗಳ ‘ಅಂಗಭೋಗ, ರಂಗಭೋಗ’ ಎಂಬ ಜೋಡಿಯಲ್ಲಿ ಎರಡನೆಯದು ಹಾಡು, ಕುಣಿತ, ವಾದ್ಯಗಳ ಖರ್ಚು. ಹರಿಹರದಲ್ಲಿ 1224ರ ವೇಳೆಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಂಥ ದೊಡ್ಡ ಸ್ಥಾನಗಳಲ್ಲಿ ಹೊತ್ತುಹೊತ್ತಿನ ಪೂಜೆಗೆ ವಾದ್ಯ ಬೇಕೇಬೇಕಿತ್ತು. ಊದುವವರಿಗೆ, ಬಾರಿಸುವವರಿಗೆ ಮಾನ್ಯದ ಹೊಲ ಬಿಟ್ಟುಕೊಡುವ ಪದ್ಧತಿ ನಾಡಿನ ತುಂಬ ಬೆಳೆಯಿತು.

16ನೇ ಶತಮಾನದಲ್ಲಿ ಸಂತೇಬೆನ್ನೂರು ಪಾಳೆಯಗಾರರ ನೆಲೆಯಾಯಿತು. ಕೆಂಗ ಹನುಮಪ್ಪ ನಾಯಕನ ಹೆಸರಿನೊಡನೆ ಬೆಸೆದುಕೊಂಡಿರುವ ಪುಷ್ಕರಣಿ ಇಂದಿಗೂ ಊರಿನ ಹೆಮ್ಮೆ: ಮೆಟ್ಟಿಲುಗಳ ನಡುವೆ ನೀರು, ನೀರಿನ ನಡುವೆ ವಸಂತಮಂಟಪ. ಪಕ್ಕದ ಮುಸಾಫಿರ್‌ಖಾನೆ ಬಿಜಾಪುರದ ದಂಡನಾಯಕ ರಣದುಲ್ಲಾ ಖಾನನ ನೆನಪು. ಆ ದಂಡುಗಳೊಡನೆ ಭೇರಿಗೆ ಹೊಸ ಹೆಸರು ಬಂತು, ನಗಾರಿ. ಅರಬ್ಬೀ-ಪಾರಸಿಯ ‘ನಕ್ಕಾರ’ದಿಂದ ಹುಟ್ಟಿದ ಮಾತು ಅದು. ಮೊಗಲರಲ್ಲೂ ನಗಾರಿ ಬಾರಿಸಿಕೊಳ್ಳುವ ಹಕ್ಕನ್ನು ಬಾದಶಹನೇ ಸರದಾರರಿಗೆ ಕೊಡಬೇಕಿತ್ತು. ಭಾಷೆ ಬದಲಾದರೂ ಶಬ್ದವನ್ನು ಪದವಿಯಾಗಿ ಕೊಡುವ ಪದ್ಧತಿ ಮುರಿಯಲಿಲ್ಲ.

ಸಾಯಂಕಾಲ ಈ ಪುಷ್ಕರಣಿಯಂಥ ನೀರಿನ ಬದಿಯಲ್ಲಿ ಸದ್ದು ನಡೆದುಕೊಳ್ಳುವ ರೀತಿ ಬೇರೆ. ನೀರಿನ ಮೇಲಣ ಗಾಳಿ ತಂಪು, ಅದರ ಮೇಲಿನದು ಬೆಚ್ಚಗೆ. ಬೆಚ್ಚನೆಯ ಗಾಳಿಯಲ್ಲಿ ಸದ್ದು ಹೆಚ್ಚು ವೇಗವಾಗಿ ಓಡುವುದರಿಂದ ಮೇಲೆ ಹೊರಟ ಅಲೆ ಬಾಗಿ ಮತ್ತೆ ಕೆಳಕ್ಕೆ ಬರುತ್ತದೆ, ಆಚೆ ದಡದ ಮಾತು ಈಚೆಗೆ ಕೇಳಿಸುತ್ತದೆ. ರಾತ್ರಿ ಬಯಲಲ್ಲೂ ಹೀಗೇ. ಹಗಲು ಕೇಳದ ದೂರದ ಊರಿನ ಡೊಳ್ಳು ರಾತ್ರಿ ಕೇಳುವುದಕ್ಕೆ ಇದೂ ಒಂದು ಕಾರಣ. ದೂರ ಹೋದಂತೆ ಗಾಳಿ ತಾರಧ್ವನಿಯನ್ನು ಹೀರಿಕೊಳ್ಳುತ್ತದೆ, ಮಂದ್ರವನ್ನು ಬಿಡುತ್ತದೆ. ಉದ್ದನೆಯ ಅಲೆ ಗೋಡೆ, ಗುಡ್ಡ, ತೋಪುಗಳನ್ನು ಬಳಸಿಕೊಂಡು ದಾಟುತ್ತದೆ. ಹಾಗಾಗಿ ಬರುತ್ತಿರುವ ಉತ್ಸವದಲ್ಲಿ ಮೊದಲು ಕೇಳುವುದು ಭೇರಿ, ಊರ ಬಾಗಿಲಿಗೆ ಬಂದಾಗ ಕೊಂಬು, ಶಂಖ. ಕಣ್ಣೆದುರಿಗೆ ಬಂದಾಗ ಜಾಗಟೆಯ ಮಿನುಗು. ಐದು ಶಬ್ದಗಳ ಪ್ರಮಾಣವೇ ಕೇಳುವವನಿಗೆ ದೂರವನ್ನು ಹೇಳುತ್ತಿತ್ತು.

ಸಂತೆಯ ದಿನ ಡಂಗುರ ಹೊಡೆಯುವ ರೀತಿಯಲ್ಲೂ ಕಿವಿಯ ತಿಳಿವಳಿಕೆ ಇದೆ. ಸಾರುವವನು ಮೊದಲು ತಮಟೆ ಬಾರಿಸುತ್ತಾನೆ, ಜನ ತಿರುಗಿ ನೋಡಿದ ಮೇಲೆ ಕೈ ನಿಲ್ಲಿಸುತ್ತಾನೆ, ಆಮೇಲೆ ಮಾತು, ಮಾತು ಮುಗಿದ ಮೇಲೆ ಮತ್ತೆ ಏಟು. ಬಾರಿಸುತ್ತಲೇ ಹೇಳಿದರೆ ಮಾತು ಮುಚ್ಚಿಹೋಗುತ್ತದೆ. ತಗ್ಗಿನ ಗಟ್ಟಿಸದ್ದು ತನಗಿಂತ ಮೇಲಿನ ಆವೃತ್ತಿಗಳನ್ನು ಮರೆಮಾಡುತ್ತದೆ, ಮೇಲಿನದು ತಗ್ಗನ್ನು ಅಷ್ಟಾಗಿ ಮಾಡದು ಎಂಬುದನ್ನು ವೆಗೆಲ್ ಮತ್ತು ಲೇನ್ ಎಂಬಿಬ್ಬರು 1924ರಲ್ಲಿ ಪ್ರಯೋಗದಿಂದ ತೋರಿಸಿದರು.

ಬಾರಿಸಿದವರಿಗೆ ಸಂದ ಬದುಕು ಬೇರೆಯೇ ಕಥೆ. ಅರಸನ ಮುಂದೆ ಗೌರವವಾಗಿದ್ದ ತಮ್ಮಟ, ಅದನ್ನು ಹದಮಾಡಿ ಬಿಗಿದು ಬಾರಿಸಿದ ಜನಕ್ಕೆ ಅಸ್ಪೃಶ್ಯತೆಯ ಗುರುತಾಯಿತು. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಅವರು ಬರಲೇಬೇಕು. ಬಂದವರು ಗುಡಿಯ ಹೊರಗೇ ನಿಲ್ಲಬೇಕು. ಸದ್ದು ಗರ್ಭಗುಡಿಯವರೆಗೆ ಹೋಗಬಹುದಿತ್ತು, ಸದ್ದು ಮಾಡಿದ ಕೈ ಹೋಗುವಂತಿರಲಿಲ್ಲ. ಈ ಅನ್ಯಾಯವನ್ನು ಬದಿಗಿಟ್ಟು ಪಂಚಮಹಾಶಬ್ದದ ವೈಭವವನ್ನಷ್ಟೇ ಹೇಳಿದರೆ ಚರಿತ್ರೆ ಸುಳ್ಳಾಗುತ್ತದೆ. 1955ರ ಧಾರ್ಮಿಕ ಇನಾಂ ರದ್ದತಿ ಕಾನೂನು ದೇವಾಲಯಗಳ ಇನಾಂ ಭೂಮಿಯ ಹಳೆಯ ವ್ಯವಸ್ಥೆಯನ್ನು ಕೊನೆಗಾಣಿಸಿತು. 1961ರ ಗ್ರಾಮಾಧಿಕಾರ ರದ್ದತಿ ಕಾನೂನು ವಂಶಪಾರಂಪರ್ಯದ ಊರಚಾಕರಿಗೆ ಕೊನೆ ಹೇಳಿತು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಬಿಟ್ಟಿಯಾಗಿ ಬಾರಿಸಬೇಕಿದ್ದ ತಮಟೆ ಸಮಿತಿಯ ಮೆರವಣಿಗೆಗಳಲ್ಲಿ ಬಾರಿಸುವವರದೇ ಮಾತಾಯಿತು.

ಇನ್ನು ಕಿವಿಯ ಮಾತಿಗೆ ಮರಳಿದರೆ, ಯುರೋಪಿನಲ್ಲಿ ಅದರ ಎಲ್ಲೆಯನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನ 1830ರ ಸುಮಾರಿಗೆ ಫೆಲಿಕ್ಸ್ ಸವಾರ್‌ನ ಹಲ್ಲಿನ ಚಕ್ರದೊಂದಿಗೆ ಮುಂದೆ ಸಾಗಿತು. ತಿರುಗುವ ಚಕ್ರದ ಹಲ್ಲುಗಳಿಗೆ ಕಾರ್ಡು ತಾಗಿಸಿ ಅವನು 24,000ದವರೆಗೂ ಕೇಳಿಸುತ್ತದೆ ಎಂದ. 1876ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಉದ್ದ ಬದಲಿಸಬಲ್ಲ ಪುಟ್ಟ ಸೀಟಿಯನ್ನು ಮಾಡಿ, ವಯಸ್ಸಾದವರಿಗೆ ಮೇಲಿನ ಸ್ವರಗಳು ಕೇಳುವುದಿಲ್ಲವೆಂಬುದನ್ನು ಕಂಡ. ಹರ್ಟ್ಸ್ ಎಂಬ ಹೆಸರು ಅಂತರರಾಷ್ಟ್ರೀಯ ಒಪ್ಪಿಗೆ ಪಡೆದದ್ದು 1930ರಲ್ಲಿ. ಒಂದೊಂದು ಆವೃತ್ತಿಗೆ ಎಷ್ಟು ಬಲ ಬೇಕೆಂಬ ರೇಖೆಗಳನ್ನು ಹಾರ್ವಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಕೊಟ್ಟರು. ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಸಾಮಾನ್ಯ ಶ್ರವಣ ಪರೀಕ್ಷೆಯಲ್ಲಿ 250ರಿಂದ 8,000 ಹರ್ಟ್ಸ್‌ವರೆಗೆ ಮಾತ್ರ ನೋಡುತ್ತಾರೆ. ಮಾತು ತಿಳಿಯಲು ಬೇಕಾದದ್ದು ಅಷ್ಟರಲ್ಲೇ ಇದೆ.

ವಯಸ್ಸು ಕಿವಿಯನ್ನು ಮೇಲಿನಿಂದ ಕೊರೆಯುತ್ತ ಬರುತ್ತದೆ. ನಡುವಯಸ್ಸಿಗೆ 15,000ದ ಮೇಲಿನದು ಸಾಮಾನ್ಯವಾಗಿ ಹೋಗಿರುತ್ತದೆ. ಜೀರುಂಡೆಗಳು ಮೊದಲಿನ ಹಾಗೆ ಕೂಗುವುದಿಲ್ಲ ಎಂದು ಅಜ್ಜ ಹೇಳಿದರೆ ಕಡಿಮೆಯಾದದ್ದು ಎಷ್ಟೋ ಸಲ ಜೀರುಂಡೆಯಲ್ಲ. ಹಳೆಯ ಮಂಟಪಗಳ ಕಣ್ಣುಕಪ್ಪಡಿ ದಾರಿ ಹುಡುಕಲು ಹಾಕುವ ಕೂಗು ಹೆಚ್ಚಾಗಿ 20,000ದ ಆಚೆ ಇರುವುದರಿಂದ ಅದು ಯಾವ ವಯಸ್ಸಿಗೂ ಕೇಳದು. ಇಳಿಕೆ ಇನ್ನೂ ಕೆಳಕ್ಕೆ ಬಂದಾಗ ಕನ್ನಡದ ಮಾತೇ ಕದಡುತ್ತದೆ. ಸಕಾರದ ಸದ್ದು 4,000ದ ಮೇಲೆ ದಟ್ಟವಾಗಿದೆ. ಸ್ವರಾಕ್ಷರಗಳ ಬಲ ಅದಕ್ಕಿಂತ ಕೆಳಗೆ. ‘ಸಾಕು’ ‘ಹಾಕು’ ಆಗುತ್ತದೆ, ‘ಸಾಲು’ ‘ಹಾಲು’ ಆಗುತ್ತದೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ದೀರ್ಘಕಾಲದ ಗಟ್ಟಿಸದ್ದೂ ಮೊದಲು ಹೊಡೆಯುವುದು 4,000 ಹರ್ಟ್ಸ್‌ನ ಸುತ್ತಲಿನ ರೋಮಕೋಶಗಳನ್ನೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹತ್ತಿಮಿಲ್ಲಿನ ಮಗ್ಗದವನಿಗೂ ಬದುಕಿಡೀ ತಮಟೆ ಬಾರಿಸಿದವನಿಗೂ ಇದೇ ಅಪಾಯ.

ರೇಡಿಯೊ, ಧ್ವನಿವರ್ಧಕಗಳು ಐದು ಶಬ್ದಗಳ ಹಂಚಿಕೆಯನ್ನು ಬದಲಿಸಿದವು. ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದಲ್ಲಿ ಕೇಳುವವರಿಗೆ ಸಿಗುತ್ತಿದ್ದದ್ದು ಸುಮಾರು 5,000 ಹರ್ಟ್ಸ್‌ವರೆಗಿನ ಸದ್ದು. ಜಾಗಟೆಯ ಮಿನುಗು ದಾರಿಯಲ್ಲೇ ಉದುರುತ್ತಿತ್ತು. ಕಬ್ಬಿಣದ ಹಾರ್ನ್ ಸ್ಪೀಕರ್ ನಡುವಣ ಪಟ್ಟಿಯನ್ನಷ್ಟೇ ಕಿರುಚಿತು. ಈಚಿನ ಡಿಜೆ ವಾಹನಗಳು ತದ್ವಿರುದ್ಧವಾಗಿ ನೂರು ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಗಂಟೆಗಟ್ಟಲೆ ಬಿಡದೆ ಸುರಿಯುತ್ತವೆ. ಡೊಳ್ಳಿಗೆ ಏಟಿನ ನಡುವೆ ಬಿಡುವಿದೆ, ಬಾರಿಸುವವನ ತೋಳು ದಣಿಯುತ್ತದೆ, ಯಂತ್ರಕ್ಕೆ ದಣಿವಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಅಳೆಯುವ ಯಂತ್ರದ ‘ಎ’ ಮಾಪಕ ಕಿವಿಯ ಮಂದತನವನ್ನು ಅನುಸರಿಸಿ ತಗ್ಗಿನ ಸದ್ದನ್ನು ಕಡಿಮೆ ಎಣಿಸುತ್ತದೆ: 100 ಹರ್ಟ್ಸ್‌ನಲ್ಲಿ ಸುಮಾರು 19, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬಲ್ ಕಳೆದು ಬರೆದುಕೊಳ್ಳುತ್ತದೆ. ಈ ಮಾಪಕವನ್ನು ರೂಪಿಸಿದ್ದು ಮೆಲುಸದ್ದಿನ ರೇಖೆಯ ಮೇಲೆ. ಗಟ್ಟಿಸದ್ದಿನಲ್ಲಿ ಕಿವಿ ಮಂದ್ರಕ್ಕೆ ಅಷ್ಟು ಕಿವುಡಲ್ಲ. ಹೀಗಾಗಿ ಕಿಟಕಿ ಬಾಗಿಲು ಅದುರಿದರೂ ಯಂತ್ರದ ಅಂಕಿ ಅದನ್ನು ಪೂರ್ತಿ ಹೇಳುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವನ್ನಷ್ಟೇ ಅಲ್ಲ, ಯಾವ ವಾದ್ಯವನ್ನೂ ಬಳಸುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಇದಲ್ಲದೆ ನಿಯಮ ಒಪ್ಪುವ ವಿನಾಯಿತಿ ಇನ್ನೊಂದು, ಸಾರ್ವಜನಿಕ ತುರ್ತು. ದಂಡು ಬಂತು, ಕೆರೆ ಒಡೆಯಿತು ಎಂದು ಊರನ್ನು ಎಬ್ಬಿಸುತ್ತಿದ್ದ ಭೇರಿಯ ಹಳೆಯ ಕೆಲಸ ಅದು.